ಬಲಭುಜದ ದುಪಟ್ಟಾ

ಹನೂರಿನ ಬಸ್ಸು ತಡವೆಂದು ಕೊಳ್ಳೇಗಾಲದಲ್ಲಿ ರೇಷ್ಮೆ ಅಂಗಡಿಯೊಂದನ್ನು ಹೊಕ್ಕೆ. ಮದುವೆ ಗೊತ್ತಾದ ಹೊನ್ನೂರಿನ ಹುಡುಗಿಯೊಬ್ಬಳು ಧಾರೆ ಸೀರೆಯ ಮೇಲೆ ಹೊದೆಯಲು ದುಪಟ್ಟಾ ನೋಡುತ್ತಿದ್ದಳು. ಅವಳ ಎಡಕಿವಿಯಿಂದ ಕುತ್ತಿಗೆಯುದ್ದಕ್ಕೂ ಸುಟ್ಟ ಕಲೆ. ಚಿಕ್ಕಂದಿನಲ್ಲಿ ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಸಿಡಿದದ್ದಂತೆ. ಜೊತೆಗೆ ಬಂದಿದ್ದ ಸೋದರತ್ತೆ ನಾನು ಕೇಳದೆಯೇ ಹೇಳಿದರು.

ಅಂಗಡಿಯ ಹೆಂಗಸು ದುಪಟ್ಟಾವನ್ನು ಮೊದಲು ತಲೆಯ ಮೇಲೆ ಹೊದಿಸಿದಳು. ಆಮೇಲೆ ಕುತ್ತಿಗೆಗೆ ಸುತ್ತಿ ಎಡಭುಜಕ್ಕೆ ಪಿನ್ನು ಹಾಕಿದಳು. ಕಲೆ ಪೂರ್ತಿ ಮುಚ್ಚಿಹೋಯಿತು.

“ಇಂಗೇ ಇರ್ಲಿ ಕಣವ್ವ. ಫೋಟೊದಲ್ಲಿ ಕಾಣಕಿಲ್ಲ,” ಎಂದರು ಅತ್ತೆ.

ಹುಡುಗಿ ಪಿನ್ನು ಬಿಚ್ಚಿದಳು. “ಉಸ್ರು ಕಟ್ತದೆ ಅತ್ತೆ. ಕಟ್ಕಳೋರು ನೋಡೇ ಒಪ್ಕಂಡವ್ರೆ. ಇನ್ಯಾರ್ಗೆ ಮುಚ್ಚಿಡಾದು?”

“ಬಂದೋರು ಆಡ್ಕತಾರೆ.”

“ಆಡ್ಕಳ್ಲಿ. ಉಂಡ್ಕಂಡು ಓಯ್ತಾರೆ.”

ಬಸ್ಸು ತಪ್ಪಿದರೆ ತಪ್ಪಲಿ ಎಂದು ನಾನು ಅಲ್ಲೇ ನಿಂತೆ. ಅವಳು ದುಪಟ್ಟಾವನ್ನು ಉದ್ದಕ್ಕೆ ಮಡಿಚಿ ಬಲಭುಜದ ಮೇಲೆ ಇಳಿಬಿಟ್ಟಳು, ಜಡೆಯನ್ನೂ ಅದೇ ಕಡೆಗೆ ಎಳೆದುಕೊಂಡು ಕನ್ನಡಿಯ ಮುಂದೆ ನೆಟ್ಟಗೆ ನಿಂತಳು. ಕುತ್ತಿಗೆಯ ಎಡಭಾಗ ಪೂರ್ತಿ ಬಯಲಾಗಿತ್ತು. ಅತ್ತೆ ಹತ್ತಿರ ಹೋಗಿ, ಜಾರುತ್ತಿದ್ದ ಅಂಚನ್ನು ಬಲಭುಜದ ಮೇಲೇ ಸರಿಮಾಡಿ ಪಿನ್ನು ಚುಚ್ಚಿದರು.