ಕಪ್ಪು-ಬಿಳುಪಿನ ಒಂದು ವಾರ

ಗೋಕುಲಂನಲ್ಲಿದ್ದ ದೊಡ್ಡಪ್ಪನ ಮನೆಯ ಮಹಡಿಯಲ್ಲಿ ಯೋಗ ಕಲಿಯಲು ಬಂದ ಅಮೆರಿಕದ ಹೆಂಗಸೊಬ್ಬರು ಬಾಡಿಗೆಗಿದ್ದರು. ಊರಿಗೆ ಹೊರಡುವಾಗ ತಮ್ಮ ವಿಡಿಯೊ ಗೇಮ್ ಪೆಟ್ಟಿಗೆಯನ್ನು ದೊಡ್ಡಪ್ಪನ ಮಗಳಿಗೆ ಕೊಟ್ಟುಬಿಟ್ಟರು. ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಅವಳಿಗೂ ನನಗೂ ಹದಿನಾರು. ಆ ಅಮೆರಿಕದವರ ಟೇಬಲ್ ಲ್ಯಾಂಪಿಗೆ ಪ್ಲಗ್ ಬದಲಿಸಿಕೊಟ್ಟವಳು ನಾನು. ಇವಳು ಮಾಡಿದ್ದು ಬೆಳಿಗ್ಗೆ ಕಾಫಿ ಒಯ್ದು ಕೊಟ್ಟು, ನಕ್ಕು ಬಂದದ್ದಷ್ಟೇ.

ಟಿವಿಗೆ ಹಾಕಿದರೆ ಪಿಕ್ಚರ್ ಟ್ಯೂಬ್ ಹೋಗುತ್ತದೆಂದು ದೊಡ್ಡಪ್ಪ ಅದನ್ನು ಮುಟ್ಟಗೊಡಲಿಲ್ಲ. ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಲಕ್ಷ್ಮೀಪುರಂನ ನಮ್ಮ ಮನೆಗೆ ಬಂದಳು. ಅಪ್ಪ ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದ ಕಂಪ್ಯೂಟರ್ ನಮ್ಮ ಮುಂದಿನ ಕೋಣೆಯಲ್ಲಿತ್ತು.

"ಇದರ ಮಾನಿಟರಿಗೆ ಹಾಕ್ಕೊಡೇ. ನಿಂಗೆ ಇದೆಲ್ಲ ಬರುತ್ತಲ್ಲ."

ನೇರವಾಗಿ ಹಾಕಲು ಬರುತ್ತಿರಲಿಲ್ಲ. ಪೆಟ್ಟಿಗೆಯ ಹಳದಿ ಪಿನ್ನು ಒಂದು ಕಡೆ, ಮಾನಿಟರಿನ ವೈರು ಇನ್ನೊಂದು ಕಡೆ ಸೇರುವ ಅಡಾಪ್ಟರ್ ಬೇಕಿತ್ತು. ಮರುದಿನ ಸಂತೆಪೇಟೆಗೆ ನಾನೊಬ್ಬಳೇ ಹೋಗಿ ಮೂರನೆಯ ಅಂಗಡಿಯಲ್ಲಿ ಅದನ್ನು ಕೊಂಡೆ.

"ಅಮೆರಿಕದ ಪೆಟ್ಟಿಗೆ ಆದ್ರೆ ಕಲರ್ ಬರಲ್ಲ ಕಣಮ್ಮ. ಈ ಅಡಾಪ್ಟರ್ ಪಕ್ಕದಲ್ಲಿ ಸ್ವಿಚ್ ಐತಲ್ಲ, ಅದನ್ನ ಆ ಕಡೆಗೆ ತಳ್ಬುಡು, ಬರ್ತದೆ" ಎಂದರು ಅಂಗಡಿಯವರು.

ಸಂಜೆ ಎಲ್ಲ ಜೋಡಿಸಿದೆ. ಮಾನಿಟರಿನಲ್ಲಿ ಕಾರ್ ರೇಸಿನ ರಸ್ತೆ ಮೂಡಿತು, ಬರೀ ಬೂದಿ ಬಣ್ಣ. ನನ್ನ ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು, ತಳ್ಳಲಿಲ್ಲ.

"ಬಂದ್ಬುಡ್ತು ಕಣೇ!" ಎಂದು ಅವಳು ನನ್ನ ಕೊರಳಿಗೆ ಜೋತುಬಿದ್ದಳು. ಆಮೇಲೆ ಕೇಳಿದಳು, "ಕಲರ್ ಬರಲ್ವಾ?"

"ಇಲ್ಲ ಕಣೇ. ಅಮೆರಿಕದ್ದಲ್ವಾ, ಇಷ್ಟೇ."

"ಹೋಗ್ಲಿ ಬುಡು. ಓಡುತ್ತಲ್ಲ, ಸಾಕು."

ಬೇಸರಪಟ್ಟುಕೊಳ್ಳಲಿ ಎಂದು ನಾನು ಕಾಯುತ್ತಿದ್ದೆ. ಅವಳು ಪಡಲಿಲ್ಲ. ವಾರವಿಡೀ ಸಂಜೆ ಬಂದು ಆ ಬೂದಿ ರಸ್ತೆಯಲ್ಲೇ ಕಾರು ಓಡಿಸುತ್ತಾ, ಗುದ್ದಿಸಿಕೊಂಡು ಕಿಲಕಿಲ ನಗುತ್ತಿದ್ದಳು. ಅಮ್ಮ ಅವಳ ಉಪ್ಪಿಟ್ಟಿಗೆ ತುಪ್ಪ ಹಾಕುತ್ತಾ, "ಎಷ್ಟು ಲಕ್ಷಣವಾಗಿ ನಗ್ತಾಳೆ ನೋಡು, ನೀನೂ ಇದೀಯ" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಸ್ವಿಚ್ ತಳ್ಳಿ, ಹಸಿರು ಹುಲ್ಲು, ನೀಲಿ ಆಕಾಶದ ನಡುವೆ ನಾನೊಬ್ಬಳೇ ಆಡುತ್ತಿದ್ದೆ.

ಭಾನುವಾರ ಅವಳು ಬೆಳಿಗ್ಗೆಯೇ ಬಂದಳು. ಬಣ್ಣದಲ್ಲಿ ಆಡುತ್ತಿದ್ದ ನನಗೆ ಚಪ್ಪಲಿ ಬಿಟ್ಟ ಸದ್ದು ಕೇಳಿಸಲಿಲ್ಲ. ತಿರುಗಿದಾಗ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಕಾರು ಕೆಂಪಾ?" ಎಂದಳು ಮೆಲ್ಲಗೆ.

ನಾನು ಕೈಲಿದ್ದ ಕಂಟ್ರೋಲರ್ ಕೆಳಗಿಟ್ಟೆ.

"ಯಾವಾಗ ಗೊತ್ತಾಯ್ತು ನಿಂಗೆ?"

"ಮೊದಲ್ನೇ ದಿನಾನೇ."

ಅವಳು ಕೂಗಾಡಲಿಲ್ಲ. ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ವೈರು ಸುತ್ತಿ, ಪೆಟ್ಟಿಗೆ ಎತ್ತಿಕೊಂಡು ಹೋದಳು. ತಪ್ಪು ಮಾಡಿದೆನೆಂಬ ಅಳುಕು ಆಗ ನನಗೆ ಬರಲಿಲ್ಲ. ಇಲ್ಲೂ ಅವಳೇ ಒಳ್ಳೆಯವಳಾದಳಲ್ಲ ಎಂದು ಉರಿಯಿತು, ಅಷ್ಟೇ. ಅಳುಕು ಬಂದದ್ದು ಆಮೇಲೆ, ಸಂಜೆಗಳು ಸದ್ದಿಲ್ಲದೆ ಕಳೆಯತೊಡಗಿದಾಗ.

ಹದಿನೈದು ದಿನದ ನಂತರ ನಮ್ಮಲ್ಲೇ ಉಳಿದಿದ್ದ ಅಡಾಪ್ಟರನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಗೋಕುಲಂಗೆ ಹೋದೆ. ದೊಡ್ಡಮ್ಮ ಅವಳಿದ್ದ ಮಹಡಿಗೆ ಕಳಿಸಿದರು. ಅಲ್ಲಿ ದೊಡ್ಡಪ್ಪ ತಂದುಕೊಟ್ಟ ಹಳೆಯ ಮಾನಿಟರ್ ಇತ್ತು, ಪಕ್ಕದಲ್ಲಿ ಪೆಟ್ಟಿಗೆ ಸುಮ್ಮನೆ ಕೂತಿತ್ತು.

"ಆ ಅಮೆರಿಕದವ್ರು ನಿಂಗೆ ಕೊಟ್ರು ಅಂತ ಹೊಟ್ಟೆ ಉರೀತು ಕಣೇ" ಎಂದೆ.

ಅವಳು ನನ್ನನ್ನೇ ನೋಡಿದಳು. ಪರವಾಗಿಲ್ಲ ಎನ್ನಲಿಲ್ಲ.

"ಹೆಂಗೆ ಹಾಕೋದು ತೋರ್ಸು. ಇನ್ಮೇಲೆ ನಾನೇ ಹಾಕ್ಕೋತೀನಿ."

ಹಳದಿ ಎಲ್ಲಿಗೆ, ಮಾನಿಟರಿನ ವೈರು ಎಲ್ಲಿಗೆ, ಸ್ವಿಚ್ ಯಾವ ಕಡೆಗೆ ಎಂದು ತೋರಿಸಿದೆ. ಎಲ್ಲ ಕಳಚಿ ಅವಳೇ ಮತ್ತೆ ಜೋಡಿಸಿದಳು. ಒಂದೇ ಸಲಕ್ಕೆ ಬಣ್ಣ ಬಂತು. ನಾಲ್ಕು ಸಲವಾದರೂ ತಪ್ಪುತ್ತಾಳೆ, ನನ್ನನ್ನು ಕೇಳುತ್ತಾಳೆ ಎಂದುಕೊಂಡಿದ್ದೆ.