ಲಕ್ಕಿ ಎಲೆಯ ಕಾಕಾ

ಸೇಡಂ ರಸ್ತೆಯ ನಮ್ಮ ಓಣಿಯಲ್ಲಿ ಇವತ್ತು ಸಂಜೆ ಪಕ್ಕದ ಮನೆಯವರು ಸೊಳ್ಳೆಗೆಂದು ಲಕ್ಕಿ ಸೊಪ್ಪಿನ ಹೊಗೆ ಹಾಕಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ಕಮಲಾಪುರದ ಕಾಕಾ ನೆನಪಾದರು. ರಕ್ತ ಸಂಬಂಧವೇನಿಲ್ಲ, ಊರಲ್ಲಿ ನಮ್ಮ ನೆರೆಯವರು. ಯಾರಿಗೆ ಗಾಯವಾದರೂ ಲಕ್ಕಿ ಎಲೆ ಅರೆದು ಕಟ್ಟುತ್ತಿದ್ದರು.

ನಾನಾಗ ಕಲಬುರಗಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ ಅಟೆಂಡರ್. ಟೋಪಿ ಹಾಕುವುದರಲ್ಲಿ ಇಡೀ ಜಿಲ್ಲೆಯಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಇದು ನನ್ನ ಮಾತಲ್ಲ, ಹಾಕಿಸಿಕೊಂಡವರನ್ನೇ ಕೇಳಿ. ನೀಲಿ ನೀರಿನ ಸೀಸೆ ತೋರಿಸಿ ‘ಇದು ನಿಮ್ಮ ರಕ್ತ’ ಎಂದಾಗ ಕಾಕಾ ಊಟ ಬಿಟ್ಟು ಕೂತಿದ್ದರು. ಗೊತ್ತಾದ ಮೇಲೆ, “ಒಂದಿನ ನಿನಗೂ ಟೋಪಿ ಹಾಕ್ತೇನಿ ನೋಡಲೇ,” ಎಂದಿದ್ದರು.

ಸಕ್ಕರೆ ಕಾಯಿಲೆಯಿಂದ ಅವರ ಕಾಲ್ಬೆರಳು ಹುಣ್ಣಾಯಿತು. ಬೆರಳು ತೆಗೆಸದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಕಾಕಾ ಎಲೆ ಬಿಡಲಿಲ್ಲ. ಕೊನೆಗೆ ನಮ್ಮ ಲ್ಯಾಬಿನ ಮೇಡಂ ಒಂದು ಮಾತಿಗೆ ಒಪ್ಪಿಸಿದರು: ಕಾಕಾರ ಹುಣ್ಣಿನ ಕೀವಿನಲ್ಲಿರುವ ಕ್ರಿಮಿಯನ್ನು ಎಲೆ ಕೊಲ್ಲದಿದ್ದರೆ ಆಸ್ಪತ್ರೆ ಸೇರಬೇಕು.

ಗಾಜಿನ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಜೆಲ್ಲಿಯ ಮೇಲೆ ಆ ಕ್ರಿಮಿ ಸವರಿ, ಜೆಲ್ಲಿಯಲ್ಲಿ ಎರಡು ತೂತು ಮಾಡಿದೆವು. ಒಂದಕ್ಕೆ ಎಲೆ ನೆನೆಸಿದ ಸ್ಪಿರಿಟ್, ಇನ್ನೊಂದಕ್ಕೆ ಬರೀ ಸ್ಪಿರಿಟ್. ಮರುದಿನ ಎರಡರ ಸುತ್ತಲೂ ಕ್ರಿಮಿ ಸತ್ತ ಉಂಗುರ... ಒಂದೇ ಅಳತೆ.

“ಕೊಂದಿದ್ದು ಸ್ಪಿರಿಟ್ಟು, ಎಲಿ ಅಲ್ರಿ ಕಾಕಾ,” ಎಂದರು ಮೇಡಂ.

ಕಾಕಾ ತಟ್ಟೆ ಬಿಟ್ಟು ನನ್ನ ಮುಖ ನೋಡಿದರು. “ಎರಡೂ ತೂತಿಗಿ ಎಲಿ ರಸಾನೇ ಹಾಕೀದಿ, ಹೌದಿಲ್ಲೋ?”

“ಇಲ್ರಿ ಕಾಕಾ, ಖರೇನೇ ಹೇಳಾಕತ್ತೀನಿ. ಒಂದು ಹಸರದ, ಒಂದಕ್ಕ ಬಣ್ಣಾನೇ ಇಲ್ಲ, ನೋಡ್ರಿ.”

“ರಕ್ತಾನೇ ನೀಲಿ ಮಾಡಿದಾಂವಗ ಹಸರು ತೆಗಿಯೋದೇನ್ ದೊಡ್ಡದಲೇ...”

ಆಣೆ ಮಾಡಿದೆ. ಕಾಕಾ ಜೋರಾಗಿ ನಕ್ಕರು. ನಗುತ್ತಲೇ, ಕುಂಟುತ್ತ ಹೋಗಿ ಕಮಲಾಪುರದ ಟೆಂಪೊ ಹತ್ತಿದರು.

ನಂಜು ಮೇಲೇರಿತು. ಸುದ್ದಿ ಬಂದು ನಾನು ಮಣ್ಣಿಗೆ ಹೋದಾಗ, ನಮ್ಮಲ್ಲಿ ಮಾಡುವಂತೆ ಅವರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು. ಎದುರಿಗೇ ಕುಳಿತೆ. ಅಳು ಬರಲಿಲ್ಲ, ಏನೂ ಬರಲಿಲ್ಲ. ಈಗ ಕಣ್ಣು ತೆರೆದು “ಹ್ಯಾಂಗ, ಹಾಕಿದ್ನಿಲ್ಲೋ ಟೋಪಿ?” ಎನ್ನುತ್ತಾರೆ ಎಂದು ಎತ್ತುವವರೆಗೂ ಕಾದೆ. ಅವರು ನನಗೆ ಹಾಕಬೇಕಿದ್ದ ಟೋಪಿ ಹಾಗೇ ಉಳಿಯಿತು...

ಓಣಿಯ ಹೊಗೆ ಈಗ ಕರಗಿದೆ. ಪಕ್ಕದ ಮನೆಯವರು ಕಟ್ಟೆಯಿಂದಲೇ ಕೇಳಿದರು, “ಸೊಳ್ಳಿ ಹೋದವೇನ್ರಿ?”

ನನ್ನ ಕೈ ಮೇಲೆ ಒಂದು ಕೂತಿತ್ತು. ಹೊಡೆಯಬೇಕು ಅನ್ನಿಸಲಿಲ್ಲ.

“ಹೋದವ್ರಿ,” ಎಂದೆ.

ನಂಬಿದರು.