ಇನ್ನೂರ ಹನ್ನೆರಡು ಬಾಗಿಲು

ನಮ್ಮಣ್ಣನನ್ನು ಬೀದಿಯವರೆಲ್ಲ ಕರೆಯುವುದು ಬೀಗದಣ್ಣ ಅಂತ. ಮೂವತ್ತು ವರ್ಷದಿಂದ ಬೀಗ ರಿಪೇರಿ, ಡೂಪ್ಲಿಕೇಟ್ ಕೀ ಮಾಡುವುದೇ ಕಸುಬು. ಯಾರಾದರೂ ‘ಕೀ ಕಳೆದುಹೋಯ್ತು, ಬಾಗಿಲು ತೆಗೆದುಕೊಡಿ’ ಅಂತ ಬಂದರೆ, ಪಕ್ಕದ ಮನೆಯವರು ‘ಹೌದು, ಇವರದೇ ಮನೆ’ ಅನ್ನುವ ತನಕ ಚೀಲಕ್ಕೆ ಕೈ ಹಾಕುವ ಆಸಾಮಿಯಲ್ಲ.

ತಾನು ಮಾಡಿದ ಪ್ರತಿ ಕೀಯ ಫೋಟೋ ತೆಗೆದು, ಮನೆ ನಂಬರ್ ಹಾಕಿ, ಕಂಪ್ಯೂಟರಿನಲ್ಲಿ ಇಟ್ಟಿದ್ದ. ಯಾರು ಕಳೆದುಕೊಂಡರೂ ಹತ್ತು ನಿಮಿಷದಲ್ಲಿ ಇನ್ನೊಂದು ರೆಡಿ. ಇನ್ನೂರ ಹನ್ನೆರಡು ಮನೆ. ಅದು ಕಳ್ಳರಿಗೆ ಸಿಕ್ಕರೆ ಬೀದಿಗೆ ಬೀದಿಯೇ ಬಾಗಿಲು ತೆರೆದಿಟ್ಟ ಹಾಗೆ. ಅದಕ್ಕೇ ಒಳ್ಳೆ ಆಂಟಿವೈರಸ್ ಹಾಕಿಸಬೇಕು ಅಂತ ಅವನಿಗೆ ಒಂದೇ ಚಿಂತೆ.

“ಕಂಪ್ಯೂಟರ್ ಜೊತೆಗೇ ಒಂದು ಬಂದಿದೆಯಪ್ಪಾ, ಅದೇ ಸಾಕು,” ಅಂದಳು ಅವನ ಮಗಳು.

“ಪುಕ್ಕಟೆ ಬೀಗ ಬೆಕ್ಕು ತಳ್ಳಿದ್ರೂ ತೆರ್ಕೊಳುತ್ತೆ ಕಣೇ,” ಅಂದ.

ಅವಳು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಕೂತು ಹುಡುಕಿದೆವು. ಇದಕ್ಕೂ ಐದು ಸ್ಟಾರ್, ಅದಕ್ಕೂ ಐದು ಸ್ಟಾರ್; ಎಲ್ಲರೂ ಸಾಚಾಗಳೇ. ಇದ್ದಕ್ಕಿದ್ದಂತೆ ಪರದೆ ಕೆಂಪಾಯಿತು. ‘ನಿಮ್ಮ ಕಂಪ್ಯೂಟರಿಗೆ ಕಳ್ಳರು ನುಗ್ಗಿದ್ದಾರೆ’ ಅಂತ ಬರಹ, ಕೆಳಗೆ ಫೋನ್ ನಂಬರ್. ಅಣ್ಣ ಬೆವೆತುಹೋದ. “ಕಳ್ಳನ್ನ ಹಿಡಿದಿದ್ದು ಇದೊಂದೇ ತಾನೆ, ಇದನ್ನೇ ತಗೋ, ಫೋನ್ ಮಾಡು,” ಅಂದೆ. ನಾನೇ ಅಂದೆ. ಈ ನಾಲಿಗೆಗೆ ಬೆಂಕಿ ಬೀಳ.

ಫೋನಿನವನು ಬಹಳ ಮರ್ಯಾದಸ್ಥ. “ನಾನೇ ಎಲ್ಲಾ ಹಾಕಿಕೊಡ್ತೀನಿ ಸಾರ್. ಪರದೆ ಮೇಲೆ ಬರೋ ನಂಬರ್ ಹೇಳಿ, ಸಾಕು.” ಅಣ್ಣ ಹೇಳಿಬಿಟ್ಟ. ಪಕ್ಕದ ಮನೆಯವರನ್ನು ಕೇಳಲಿಲ್ಲ.

ಮೌಸನ್ನು ಯಾರೂ ಮುಟ್ಟಿರಲಿಲ್ಲ, ಪರದೆ ಮೇಲಿನ ಬಾಣ ತಾನಾಗಿಯೇ ಓಡಾಡತೊಡಗಿತು. “ಎಂಥ ಪಳಗಿದ ಕೈ ನೋಡು,” ಅಂತ ಅಣ್ಣ ನಕ್ಕ. ಅದಕ್ಕೆ ಅವಸರವೇ ಇರಲಿಲ್ಲ. ಮದುವೆ ಫೋಟೋ ತೆರೆಯಿತು, ಮುಚ್ಚಿತು. ಕರೆಂಟ್ ಬಿಲ್ ತೆರೆಯಿತು, ಮುಚ್ಚಿತು. ಕೀಗಳ ಫೋಲ್ಡರ್ ತೆರೆಯಿತು. ಮುಚ್ಚಲಿಲ್ಲ.

“ಅದು ನಿಮಗೆ ಬೇಡ ಸಾರ್,” ಅಂದ ಅಣ್ಣ. ಫೋನಿನಲ್ಲಿ ಬರೀ ಉಸಿರಾಟ ಕೇಳಿಸಿತು. ಅಣ್ಣ ಎದ್ದು ಗೋಡೆಯ ಸ್ವಿಚ್ಚು ಆರಿಸಿದ.

ಸಂಜೆ ಮಗಳು ತಲೆಯ ಮೇಲೆ ಕೈ ಹೊತ್ತು ಕೂತಳು. “ಆ ಕೆಂಪು ಪರದೆಯವನೇ ಕಳ್ಳ ಅಪ್ಪಾ. ಫೋಟೋ ತಗೊಂಡಿರಬಹುದು, ತಗೊಳ್ಳದೇನೂ ಇರಬಹುದು. ಹೇಳೋಕಾಗಲ್ಲ.”

“ಹಾಗಾದ್ರೆ ಸುಮ್ಮನಿದ್ದುಬಿಡೋಣ. ನಾವಾಗಿ ಹೇಳಿ ಮೈಮೇಲೆ ಇರುವೆ ಬಿಟ್ಕೊಳ್ಳೋದು ಯಾಕೆ?” ಅಂದೆ. ಅಣ್ಣ ಎದ್ದು ಹೊಸ ಬೀಗಗಳನ್ನು ಎಣಿಸತೊಡಗಿದ.

ಮರುದಿನ ಬೆಳಿಗ್ಗೆ ಹೊಸ ಬೀಗಗಳ ಚೀಲ ಹೊತ್ತು ಹೊರಟ. ಮನಸ್ಸು ತಡೆಯದೆ ನಾನೂ ಹಿಂದೆ ಹೋದೆ. ಮೊದಲು ಎದುರುಮನೆ ಮೇಷ್ಟ್ರು. ಊರಿಗೆ ಹೋಗುವಾಗೆಲ್ಲ ಮನೆ ಕೀಯನ್ನು ಅಣ್ಣನ ಕೈಗೇ ಕೊಟ್ಟು ಹೋಗುವವರು. ಅಣ್ಣ ಒಂದಕ್ಷರ ಬಿಡದೆ ಹೇಳಿದ. ಮೇಷ್ಟ್ರು ಬೈಯಲಿಲ್ಲ. ಕುಡಿಯಲು ನೀರು ಕೊಟ್ಟರು. ಅವನು ಬೀಗ ಬದಲಾಯಿಸುವಷ್ಟು ಹೊತ್ತೂ ಕುರ್ಚಿ ಎಳೆದುಕೊಂಡು ಅವನ ಕೈಯನ್ನೇ ನೋಡುತ್ತ ಕೂತರು.

ಹೊಸ ಕೀ ಕೊಟ್ಟಾಗ ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಕೇಳಿದರು: “ಇದರ ಫೋಟೋ ತೆಗೆದಿಲ್ಲ ತಾನೆ?”

“ಇಲ್ಲ ಮೇಷ್ಟ್ರೇ.” ಅಣ್ಣ ಎರಡೂ ಅಂಗೈ ಬಿಚ್ಚಿ ತೋರಿಸಿದ.

ಇನ್ನೂರ ಹನ್ನೊಂದು ಮನೆ ಬಾಕಿ ಇತ್ತು.